ಪಾದ್ರಿಗೆ ಒಲಿದ ಪುರಭವನ

ಅಮೆರಿಕದ ಜಾರ್ಜಿಯಾ ರಾಜ್ಯ 1777ರಲ್ಲಿ ತನಗೊಂದು ಸಂವಿಧಾನ ಬರೆದುಕೊಂಡಾಗ, ಯಾವ ಪಂಥದ ಪಾದ್ರಿಯೂ ಶಾಸನಸಭೆಯಲ್ಲಿ ಕೂರುವಂತಿಲ್ಲ ಎಂಬ ವಿಧಿಯನ್ನು ಅದರಲ್ಲಿ ಸೇರಿಸಿತು. 204 ವರ್ಷಗಳ ನಂತರ, 1981ರ ಅಕ್ಟೋಬರ್‌ನಲ್ಲಿ, ಅದೇ ರಾಜ್ಯದ ರಾಜಧಾನಿ ಅಟ್ಲಾಂಟಾ ಒಬ್ಬ ಪಾದ್ರಿಯನ್ನು ತನ್ನ ಮೇಯರ್ ಆಗಿ ಆರಿಸಿತು. ಅವರು ಆ್ಯಂಡ್ರೂ ಯಂಗ್. ಕಪ್ಪು ವರ್ಣೀಯರು. 1777ರಲ್ಲಿ ಅವರ ಪೂರ್ವಿಕರಂಥವರಿಗೆ ಶಾಸನಸಭೆಯ ಮಾತಿರಲಿ, ತಮ್ಮ ಮೈಮೇಲೇ ತಮಗೆ ಹಕ್ಕಿರಲಿಲ್ಲ.

ಪಾದ್ರಿಗಳಿಗೆ ಬಾಗಿಲು ಮುಚ್ಚಿದ್ದು ಜಾರ್ಜಿಯಾ ಒಂದೇ ಅಲ್ಲ. ಬ್ರಿಟಿಷರಿಂದ ಆಗತಾನೇ ಬಿಡಿಸಿಕೊಂಡಿದ್ದ ರಾಜ್ಯಗಳಲ್ಲಿ ಹಲವು ಇಂಥದೇ ನಿಯಮ ಮಾಡಿಕೊಂಡಿದ್ದವು. ಇಂಗ್ಲೆಂಡಿನಲ್ಲಿ ಚರ್ಚು ಮತ್ತು ಸರ್ಕಾರ ಒಂದಕ್ಕೊಂದು ಹೆಣೆದುಕೊಂಡದ್ದನ್ನು ಕಂಡಿದ್ದ ಜನ ಅವರು. ಆ ಕಾಟ ಇಲ್ಲಿ ಬೇಡ ಎಂಬುದು ಒಂದು ಕಾರಣ. ಆತ್ಮಗಳ ಯೋಗಕ್ಷೇಮ ನೋಡಿಕೊಳ್ಳಬೇಕಾದವರ ಗಮನ ಬೇರೆಡೆ ಹರಿಯಬಾರದು ಎಂಬುದು ಹೇಳಿಕೊಳ್ಳಲು ಇನ್ನೊಂದು. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಜಾರ್ಜಿಯಾ ಈ ನಿಯಮವನ್ನು ಕೈಬಿಟ್ಟಿತು. ನೆರೆಯ ಟೆನೆಸಿ ಮಾತ್ರ 1796ರಿಂದ ಹಿಡಿದುಕೊಂಡಿದ್ದನ್ನು ಬಿಡಲೇ ಇಲ್ಲ. ಕಡೆಗೆ ಚಟಾನೂಗಾ ನಗರದ ಬ್ಯಾಪ್ಟಿಸ್ಟ್ ಪಾದ್ರಿ ಪಾಲ್ ಮೆಕ್‌ಡೇನಿಯಲ್ ಅವರ ಉಮೇದುವಾರಿಕೆಯ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ, 1978ರಲ್ಲಿ ಆ ನಿಷೇಧ ಬಿದ್ದುಹೋಯಿತು. ಯಂಗ್ ಮೇಯರ್ ಆಗುವುದಕ್ಕೆ ಕೇವಲ ಮೂರು ವರ್ಷ ಮುಂಚೆ!

ಕಾನೂನು ಹೀಗೆ ಪಾದ್ರಿಯನ್ನು ರಾಜಕೀಯದಿಂದ ದೂರ ಇಡಲು ನೋಡಿದರೆ, ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಬದುಕು ಅವರನ್ನು ಮತ್ತೆ ಮತ್ತೆ ರಾಜಕೀಯಕ್ಕೆ ಎಳೆದು ತಂದಿತು. ಇದು ಭಕ್ತಿಗಿಂತ ಹೆಚ್ಚಾಗಿ ಸಂಬಳದ ಕಥೆ. ಗುಲಾಮಗಿರಿ ಅಳಿದ ಮೇಲೂ ಅಲ್ಲಿನ ಕಪ್ಪು ಜನ ದುಡಿದದ್ದು ಬಿಳಿಯರ ಹೊಲದಲ್ಲಿ, ಬಿಳಿಯರ ಅಡುಗೆಮನೆಯಲ್ಲಿ, ಬಿಳಿಯರ ಕಾರ್ಖಾನೆಯಲ್ಲಿ. ಶಾಲೆಯ ಮೇಷ್ಟರಿಗೆ ಸಂಬಳ ಕೊಡುತ್ತಿದ್ದುದೂ ಬಿಳಿಯರ ಶಿಕ್ಷಣ ಮಂಡಳಿಯೇ. ಬಾಯಿ ತೆರೆದವರ ಅನ್ನ ಮರುದಿನ ಹೋಗುತ್ತಿತ್ತು. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರದಲ್ಲಿ ದಶಕಗಳ ಅನುಭವವಿದ್ದ ಶಿಕ್ಷಕಿ ಸೆಪ್ಟಿಮಾ ಕ್ಲಾರ್ಕ್ ಅವರನ್ನು 1956ರಲ್ಲಿ ಕೆಲಸದಿಂದ ತೆಗೆದುಹಾಕಿದರು. ಅವರ ತಪ್ಪು, ಕಪ್ಪು ಜನರ ಹಕ್ಕುಗಳ ಸಂಘವೊಂದರ ಸದಸ್ಯರಾಗಿದ್ದುದು. ಆದರೆ ಪಾದ್ರಿಯನ್ನು ಹೀಗೆ ತೆಗೆಯಲಾಗುತ್ತಿರಲಿಲ್ಲ. ಭಾನುವಾರದ ಕಾಣಿಕೆ ತಟ್ಟೆಗೆ ಬಿದ್ದ ಚಿಲ್ಲರೆಯಿಂದ ಅವರ ಸಂಬಳ ಹುಟ್ಟುತ್ತಿತ್ತು. ಕ್ಷೌರಿಕ, ಶವಸಂಸ್ಕಾರದ ಏರ್ಪಾಟು ಮಾಡುವವರು, ಕೇಶಾಲಂಕಾರ ಮಾಡುವ ಹೆಂಗಸರು, ಇಂಥ ಕೆಲವರನ್ನು ಬಿಟ್ಟರೆ ಇಡೀ ಊರಿನಲ್ಲಿ ಬಿಳಿಯರ ಮರ್ಜಿ ಕಾಯದೆ ಮಾತನಾಡಬಲ್ಲವರು ಪಾದ್ರಿ ಒಬ್ಬರೇ. ನೂರಾರು ಜನ ಸೇರಬಹುದಾದ ಕಟ್ಟಡವೂ ಅವರ ಬಳಿಯೇ ಇತ್ತು.

ಆದ್ದರಿಂದಲೇ ಅಂತರ್ಯುದ್ಧ ಮುಗಿದು ಕಪ್ಪು ಗಂಡಸರಿಗೆ ಮತ ಬಂದ ಕೂಡಲೇ ಪಾದ್ರಿಗಳು ಶಾಸನಸಭೆಗಳಿಗೆ ನಡೆದರು. 1870ರಲ್ಲಿ ಅಮೆರಿಕದ ಸೆನೆಟ್ ಪ್ರವೇಶಿಸಿದ ಮೊದಲ ಕಪ್ಪು ವರ್ಣೀಯ, ಮಿಸಿಸಿಪಿಯ ಹಿರಮ್ ರೆವೆಲ್ಸ್, ಮೆಥಡಿಸ್ಟ್ ಪಾದ್ರಿ. ಜಾರ್ಜಿಯಾದಲ್ಲಿ ಹೆನ್ರಿ ಮೆಕ್‌ನೀಲ್ ಟರ್ನರ್ ಎಂಬ ಇನ್ನೊಬ್ಬ ಮೆಥಡಿಸ್ಟ್ ಪಾದ್ರಿ 1868ರಲ್ಲಿ ಶಾಸಕರಾಗಿ ಗೆದ್ದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಿಳಿಯ ಶಾಸಕರು ಸೇರಿ ಅವರನ್ನೂ ಇತರ ಕಪ್ಪು ಸದಸ್ಯರನ್ನೂ ಸಭೆಯಿಂದ ಹೊರಹಾಕಿದರು. ಮತ ಹಾಕುವ ಹಕ್ಕು ಕೊಟ್ಟಿದ್ದೇವೆಯೇ ಹೊರತು ಅಧಿಕಾರ ಹಿಡಿಯುವ ಹಕ್ಕನ್ನಲ್ಲ ಎಂಬುದು ಅವರ ವಾದ! ಕೇಂದ್ರ ಸರ್ಕಾರ ಮಧ್ಯೆ ಬಂದು 1870ರಲ್ಲಿ ಅವರನ್ನು ಮತ್ತೆ ಕೂರಿಸಿದರೂ ಆ ಕಾಲ ಹೆಚ್ಚು ದಿನ ನಿಲ್ಲಲಿಲ್ಲ. ಮುಂದೆ ಹಲವು ದಶಕಗಳ ಕಾಲ ತೆರಿಗೆ, ಅಕ್ಷರ ಪರೀಕ್ಷೆ ಮತ್ತು ಬೆದರಿಕೆಗಳು ಸೇರಿ ಕಪ್ಪು ಜನರ ಮತಪೆಟ್ಟಿಗೆಗೆ ಬೀಗ ಹಾಕಿದವು.

ಅಟ್ಲಾಂಟಾದಲ್ಲಿ ಆ ಬೀಗಕ್ಕೆ ಒಂದು ಸಂದು ಉಳಿದಿತ್ತು. ಜಾರ್ಜಿಯಾದಲ್ಲಿ ಡೆಮಾಕ್ರಟಿಕ್ ಪಕ್ಷ ತನ್ನ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯೇ ನಿಜವಾದ ಚುನಾವಣೆ. ಅದರಲ್ಲಿ ಬಿಳಿಯರು ಮಾತ್ರ ಮತ ಹಾಕಬಹುದಿತ್ತು. ಆದರೆ ನಗರ ಸಾಲ ಎತ್ತಬೇಕಾದಾಗ ನಡೆಯುತ್ತಿದ್ದ ವಿಶೇಷ ಮತದಾನಕ್ಕೆ ಪಕ್ಷದ ನಿಯಮ ಅನ್ವಯಿಸುತ್ತಿರಲಿಲ್ಲ. ಎಬೆನೇಜರ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಎ.ಡಿ. ವಿಲಿಯಮ್ಸ್ ಮತ್ತು ಅವರ ಸಂಗಡಿಗರು ಇದನ್ನು ಚೆನ್ನಾಗಿ ಅರಿತಿದ್ದರು. ಮೊದಲನೆಯ ಮಹಾಯುದ್ಧ ಮುಗಿದ ಹೊತ್ತಿನಲ್ಲಿ ಶಾಲಾ ಸಾಲದ ಪ್ರಸ್ತಾಪ ಬಂದಾಗ, ನಮ್ಮ ಮಕ್ಕಳಿಗೆ ಹೈಸ್ಕೂಲು ಇಲ್ಲವೆಂದರೆ ನಿಮ್ಮ ಸಾಲಕ್ಕೆ ನಮ್ಮ ಮತವೂ ಇಲ್ಲ ಎಂದು ಅದನ್ನು ಸೋಲಿಸಿದರು. ನಗರ ಕಡೆಗೆ ಮಣಿಯಿತು. 1924ರಲ್ಲಿ ಬುಕರ್ ಟಿ. ವಾಷಿಂಗ್ಟನ್ ಹೈಸ್ಕೂಲು ತೆರೆಯಿತು. ಅಟ್ಲಾಂಟಾದ ಕಪ್ಪು ಮಕ್ಕಳಿಗೆ ಅದೇ ಮೊದಲ ಸರ್ಕಾರಿ ಪ್ರೌಢಶಾಲೆ. ಮುಂದೆ ಅಲ್ಲಿ ಓದಿದವರಲ್ಲಿ ವಿಲಿಯಮ್ಸ್ ಅವರ ಮೊಮ್ಮಗನೂ ಒಬ್ಬ. ಹೆಸರು ಮಾರ್ಟಿನ್ ಲೂಥರ್ ಕಿಂಗ್.

ಆ ಬಿಳಿಯರ ಒಳಚುನಾವಣೆಯನ್ನು ಜಾರ್ಜಿಯಾದಲ್ಲಿ ಮುರಿದವರೂ ಒಬ್ಬ ಪಾದ್ರಿಯೇ. ಕೊಲಂಬಸ್ ಎಂಬ ಊರಿನ ಪ್ರೈಮಸ್ ಕಿಂಗ್. ಹೆಸರೊಂದೇ ಆದರೂ ಮಾರ್ಟಿನ್ ಲೂಥರ್ ಕಿಂಗ್ ಕುಟುಂಬದವರಲ್ಲ. ಜೀವನೋಪಾಯಕ್ಕೆ ಕ್ಷೌರಿಕ ವೃತ್ತಿ. ಎರಡೂ ಸ್ವತಂತ್ರ ಕಸುಬುಗಳು ಎಂಬುದನ್ನು ಗಮನಿಸಬೇಕು. 1944ರಲ್ಲಿ ಮತ ಹಾಕಲು ಹೋಗಿ ಹೊರದಬ್ಬಿಸಿಕೊಂಡ ಅವರು ಕೋರ್ಟಿಗೆ ಹೋಗಿ ಗೆದ್ದರು. 1946ರಲ್ಲಿ ಮೇಲ್ಮನವಿಯೂ ಅವರ ಪರವಾಯಿತು. ಅಟ್ಲಾಂಟಾದಲ್ಲಿ ಚರ್ಚುಗಳು ಮತದಾರರ ಪಟ್ಟಿಯ ಕೆಲಸಕ್ಕಿಳಿದವು. ಕೆಲವೇ ವಾರಗಳಲ್ಲಿ ಕಪ್ಪು ಮತದಾರರ ಸಂಖ್ಯೆ ಸುಮಾರು 7,000ದಿಂದ 21,000 ದಾಟಿತು. ಅಲ್ಲಿಯವರೆಗೆ ಅವರತ್ತ ತಿರುಗಿಯೂ ನೋಡದಿದ್ದ ಮೇಯರ್ ವಿಲಿಯಂ ಹಾರ್ಟ್ಸ್‌ಫೀಲ್ಡ್ 1948ರಲ್ಲಿ ಎಂಟು ಮಂದಿ ಕಪ್ಪು ಪೊಲೀಸರನ್ನು ನೇಮಿಸಿದರು. ಆ ಎಂಟು ಮಂದಿಗೆ ಬಿಳಿಯರನ್ನು ಬಂಧಿಸುವ ಅಧಿಕಾರವಿರಲಿಲ್ಲ, ಪೊಲೀಸ್ ಠಾಣೆಯಲ್ಲಿ ಸಮವಸ್ತ್ರ ತೊಡಲೂ ಅವಕಾಶವಿರಲಿಲ್ಲ. ಆದರೂ ಲೆಕ್ಕ ಸ್ಪಷ್ಟವಾಗಿತ್ತು: ಇಷ್ಟು ಮತಕ್ಕೆ ಇಷ್ಟು ಪೊಲೀಸ್.

ಈ ಸಾಲಿನಲ್ಲಿ ನಮ್ಮ ಮೈಸೂರಿಗೂ ಒಂದು ಸಣ್ಣ ಜಾಗವಿದೆ. ಬೆಂಜಮಿನ್ ಮೇಸ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ 1937ರ ಆರಂಭದಲ್ಲಿ ಮೈಸೂರಿನಲ್ಲಿ ನಡೆದ ವೈ.ಎಂ.ಸಿ.ಎ. ವಿಶ್ವ ಸಮ್ಮೇಳನಕ್ಕೆ ಬಂದಿದ್ದರು. ದಾರಿಯಲ್ಲಿ ವರ್ಧಾಕ್ಕೆ ಹೋಗಿ ಗಾಂಧೀಜಿಯನ್ನು ಕಂಡು ಅಹಿಂಸೆಯ ಬಗ್ಗೆ ವಿಚಾರಿಸಿದರು. ಈ ಪ್ರವಾಸದಲ್ಲಿ ಅಸ್ಪೃಶ್ಯ ಮಕ್ಕಳ ಶಾಲೆಯೊಂದಕ್ಕೆ ಅವರನ್ನು ಕರೆದೊಯ್ದಾಗ ಮುಖ್ಯೋಪಾಧ್ಯಾಯರು, ಇವರು ಅಮೆರಿಕದ ಅಸ್ಪೃಶ್ಯರು ಎಂಬಂತೆ ಪರಿಚಯಿಸಿದರಂತೆ. ಮೇಸ್ ಮೊದಲು ಬೆಚ್ಚಿದರು, ಆಮೇಲೆ ಅದರಲ್ಲಿ ಸತ್ಯವಿದೆ ಎಂದು ಒಪ್ಪಿಕೊಂಡರು. 1940ರಲ್ಲಿ ಅವರು ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾದರು; ಅಲ್ಲಿ ಅವರ ಮಾತು ಕೇಳುತ್ತ ಬೆಳೆದ ವಿದ್ಯಾರ್ಥಿ ಕಿಂಗ್. ನಿವೃತ್ತಿಯ ನಂತರ ಮೇಸ್ 1969ರಲ್ಲಿ ನಗರದ ಶಿಕ್ಷಣ ಮಂಡಳಿಗೆ ಚುನಾವಣೆಗೆ ನಿಂತು ಗೆದ್ದರು, ಮರುವರ್ಷ ಅದರ ಅಧ್ಯಕ್ಷರೂ ಆದರು. ಯಾವ ಮಂಡಳಿಯಿಂದ ವಿಲಿಯಮ್ಸ್ ಒಂದು ಹೈಸ್ಕೂಲನ್ನು ಬಡಿದಾಡಿ ಪಡೆದಿದ್ದರೋ ಆ ಮಂಡಳಿಯ ಅಧ್ಯಕ್ಷ ಪೀಠ ಅದು.

ಆ್ಯಂಡ್ರೂ ಯಂಗ್ ಈ ಅಟ್ಲಾಂಟಾ ಪರಂಪರೆಯ ಒಳಗಿನವರಲ್ಲ, ಹೊರಗಿನಿಂದ ಬಂದವರು. ಹುಟ್ಟಿದ್ದು 1932ರಲ್ಲಿ, ನ್ಯೂ ಆರ್ಲಿಯನ್ಸ್‌ನ ದಂತವೈದ್ಯರ ಮನೆಯಲ್ಲಿ. ಹಾರ್ಟ್‌ಫರ್ಡ್‌ನ ಧರ್ಮಶಾಸ್ತ್ರ ವಿದ್ಯಾಲಯದಲ್ಲಿ ಓದಿ ಕಾಂಗ್ರೆಗೇಷನಲ್ ಪಂಥದ ಪಾದ್ರಿಯಾದರು. ಬ್ಯಾಪ್ಟಿಸ್ಟರ ಅಬ್ಬರದ ಪ್ರವಚನಕ್ಕೆ ಹೋಲಿಸಿದರೆ ಇದು ಮೆಲುದನಿಯ, ಓದುಬರಹದವರ ಚರ್ಚು. 1955ರಲ್ಲಿ ಜಾರ್ಜಿಯಾದ ಥಾಮಸ್‌ವಿಲ್ ಎಂಬ ಸಣ್ಣ ಊರಿನ ಬೆಥನಿ ಚರ್ಚಿಗೆ ಬಂದರು. ಅಲ್ಲಿ ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವ ಕೆಲಸಕ್ಕೆ ಕೈಹಾಕಿ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯ ಉಗ್ರರ ಕೂಟದ ಬೆದರಿಕೆಯನ್ನು ಎದುರಿಸಿದರು. ಆಮೇಲೆ ಕೆಲವು ವರ್ಷ ನ್ಯೂಯಾರ್ಕಿನ ಚರ್ಚು ಸಂಸ್ಥೆಯಲ್ಲಿ ನೌಕರಿ. 1961ರಲ್ಲಿ ಮತ್ತೆ ದಕ್ಷಿಣಕ್ಕೆ.

ಬಂದದ್ದು ಪೌರ ಶಾಲೆಗಳ ಮೇಲ್ವಿಚಾರಣೆಗೆ. ಆ ಶಾಲೆಗಳ ಹಿಂದಿದ್ದವರು ಚಾರ್ಲ್ಸ್‌ಟನ್‌ನಲ್ಲಿ ಕೆಲಸ ಕಳೆದುಕೊಂಡ ಅದೇ ಸೆಪ್ಟಿಮಾ ಕ್ಲಾರ್ಕ್. ಮೊದಲ ಶಾಲೆ 1957ರಲ್ಲಿ ದಕ್ಷಿಣ ಕೆರೊಲಿನಾದ ಒಂದು ದ್ವೀಪದಲ್ಲಿ, ದಿನಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ ನಡೆದಿತ್ತು. ಕಲಿಸಿದವರು ಕೇಶಾಲಂಕಾರ ಮಾಡುವ ಬರ್ನಿಸ್ ರಾಬಿನ್ಸನ್. ಮುದುಕರು, ಮುದುಕಿಯರು ಅಲ್ಲಿ ತಮ್ಮ ಹೆಸರು ಬರೆಯಲು ಕಲಿತರು, ಆರ್ಡರ್ ಫಾರಂ ತುಂಬಲು ಕಲಿತರು, ಮತದಾರರ ಪರೀಕ್ಷೆಯಲ್ಲಿ ಕೇಳುವ ಸಂವಿಧಾನದ ಸಾಲುಗಳನ್ನು ಓದಲು ಕಲಿತರು. ನಮ್ಮ ವಯಸ್ಕರ ರಾತ್ರಿಶಾಲೆಗಳನ್ನು ಕಂಡವರಿಗೆ ಇದರ ಚಿತ್ರ ಸುಲಭವಾಗಿ ಮೂಡೀತು. ವ್ಯತ್ಯಾಸವಿಷ್ಟೆ, ಇಲ್ಲಿ ಪಾಸಾದವರಿಗೆ ಸಿಗುತ್ತಿದ್ದುದು ಮತದ ಹಕ್ಕು. ಅದರ ಜೊತೆಗೆ ಮನೆಗೆ ಬೆಂಕಿ ಬೀಳುವ ಅಪಾಯ.

ಇಲ್ಲಿಂದ ಯಂಗ್ ಕಿಂಗ್ ಅವರ ಬಲಗೈಯಾದರು. 1964ರಲ್ಲಿ ಕಿಂಗ್ ಸಂಸ್ಥೆಯ ಕಾರ್ಯನಿರ್ವಾಹಕ ನಿರ್ದೇಶಕ. ಅದೇ ವರ್ಷ ಫ್ಲಾರಿಡಾದ ಸೇಂಟ್ ಆಗಸ್ಟೀನ್‌ನಲ್ಲಿ ಮೆರವಣಿಗೆಯ ಮುಂದಿದ್ದಾಗ ಬಿಳಿಯರ ಗುಂಪಿನಿಂದ ಬೀದಿಯಲ್ಲಿ ಪೆಟ್ಟು ತಿಂದರು. ಆದರೆ ಅವರ ಮುಖ್ಯ ಕೆಲಸ ಬೀದಿಯಲ್ಲಿರಲಿಲ್ಲ, ಮೇಜಿನ ಎದುರು ಇತ್ತು. 1963ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹೊರಗೆ ಪೊಲೀಸ್ ನಾಯಿಗಳು, ನೀರಿನ ಪೈಪುಗಳು ಮಕ್ಕಳ ಮೇಲೆ ಬೀಳುತ್ತಿದ್ದಾಗ, ಒಳಗೆ ಬಿಳಿಯ ವರ್ತಕರ ಪ್ರತಿನಿಧಿಗಳೊಂದಿಗೆ ಮಾತುಕತೆಗೆ ಕೂತವರಲ್ಲಿ ಯಂಗ್ ಇದ್ದರು. ಅಂಗಡಿಗಳ ವ್ಯಾಪಾರ ನಿಂತಿದ್ದರಿಂದ ವರ್ತಕರಿಗೆ ರಾಜಿ ಬೇಕಿತ್ತು. ರಾಜಕಾರಣಿಗಳು ಒಪ್ಪದ್ದನ್ನು ಗಲ್ಲಾಪೆಟ್ಟಿಗೆ ಒಪ್ಪಿತು. ಕಿಂಗ್ ಕೂಡ ತಮ್ಮ ಸಭೆಗಳಲ್ಲಿ ಎಲ್ಲರೂ ಮುನ್ನುಗ್ಗೋಣ ಎಂದಾಗ, ಸ್ವಲ್ಪ ತಡೆಯಿರಿ ಎನ್ನುವ ವಾದವನ್ನು ಯಂಗ್ ಅವರಿಂದಲೇ ನಿರೀಕ್ಷಿಸುತ್ತಿದ್ದರು. ಯಂಗ್ ಮೇಯರ್ ಆದ ಮೇಲಿನ ನಡೆಯನ್ನು ಅರಿಯಬೇಕಾದರೆ ಈ ಸ್ವಭಾವವನ್ನು ನೆನಪಿಡಬೇಕು.

1968ರ ಏಪ್ರಿಲ್ 4ರಂದು ಮೆಂಫಿಸ್‌ನಲ್ಲಿ ಕಿಂಗ್ ಗುಂಡೇಟಿಗೆ ಬಿದ್ದಾಗ ಯಂಗ್ ಕೆಳಗಿನ ಅಂಗಳದಲ್ಲಿದ್ದರು. ಕಿಂಗ್ ಅಲ್ಲಿಗೆ ಹೋಗಿದ್ದು ಮುಷ್ಕರ ಹೂಡಿದ್ದ ಪೌರಕಾರ್ಮಿಕರ ಬೆಂಬಲಕ್ಕೆ. ಆ ನಂತರ ಚಳವಳಿ ಚದುರಿತು. 1965ರ ಮತದಾನ ಹಕ್ಕು ಕಾಯ್ದೆಯಿಂದ ಮತದಾರರಾದ ಜನ ಮಾತ್ರ ಅಲ್ಲೇ ಇದ್ದರು. ಯಂಗ್ 1970ರಲ್ಲಿ ಸಂಸತ್ತಿಗೆ ನಿಂತು ಸೋತರು, 1972ರಲ್ಲಿ ಗೆದ್ದರು. ಹತ್ತೊಂಬತ್ತನೆಯ ಶತಮಾನದ ನಂತರ ಜಾರ್ಜಿಯಾದಿಂದ ಆರಿಸಿ ಹೋದ ಮೊದಲ ಕಪ್ಪು ಸಂಸದ. ಜಿಮ್ಮಿ ಕಾರ್ಟರ್ ಅಧ್ಯಕ್ಷರಾದಾಗ 1977ರಲ್ಲಿ ಅವರನ್ನು ವಿಶ್ವಸಂಸ್ಥೆಗೆ ರಾಯಭಾರಿಯಾಗಿ ಕಳಿಸಿದರು. ಪ್ಯಾಲೆಸ್ಟೀನ್ ವಿಮೋಚನಾ ಸಂಸ್ಥೆಯ ಪ್ರತಿನಿಧಿಯನ್ನು ಭೇಟಿ ಮಾಡಿದ್ದು ಬಯಲಾಗಿ 1979ರ ಆಗಸ್ಟಿನಲ್ಲಿ ರಾಜೀನಾಮೆ ಕೊಡಬೇಕಾಯಿತು. ಮಾತುಕತೆಯ ಚಟ ಅಲ್ಲಿ ಅವರಿಗೆ ದುಬಾರಿಯಾಗಿತ್ತು.

ಅಟ್ಲಾಂಟಾದಲ್ಲಿ ಆ ಹೊತ್ತಿಗೆ ಮೇನಾರ್ಡ್ ಜಾಕ್ಸನ್ ಮೇಯರ್. ಅವರು ಪಾದ್ರಿಯಲ್ಲ, ವಕೀಲ. ಆದರೆ ಅವರ ತಂದೆ ಅದೇ ನಗರದ ಫ್ರೆಂಡ್‌ಶಿಪ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿಯಾಗಿದ್ದವರು. 1973ರಲ್ಲಿ, 35ನೆಯ ವಯಸ್ಸಿನಲ್ಲಿ, ದಕ್ಷಿಣದ ದೊಡ್ಡ ನಗರವೊಂದರ ಮೊದಲ ಕಪ್ಪು ಮೇಯರ್ ಆಗಿ ಗೆದ್ದಿದ್ದರು. ಹೊಸ ವಿಮಾನ ನಿಲ್ದಾಣದ ಗುತ್ತಿಗೆಯಲ್ಲಿ ಕಪ್ಪು ಉದ್ಯಮಿಗಳಿಗೂ ಪಾಲು ಕೊಡದಿದ್ದರೆ ಕೆಲಸವೇ ಆರಂಭವಾಗದು ಎಂದು ಹಠ ಹಿಡಿದು ನಗರದ ಬಿಳಿಯ ವಣಿಕರನ್ನು ಎದುರು ಹಾಕಿಕೊಂಡಿದ್ದರು. ಇನ್ನೊಂದು ಪ್ರಸಂಗವೂ ಅವರದೇ ಕಾಲದ್ದು. 1977ರಲ್ಲಿ ನಗರದ ಪೌರಕಾರ್ಮಿಕರು ಕೂಲಿ ಹೆಚ್ಚಿಸಿ ಎಂದು ಮುಷ್ಕರ ಹೂಡಿದಾಗ ಜಾಕ್ಸನ್ 900ಕ್ಕೂ ಹೆಚ್ಚು ಮಂದಿಯನ್ನು ವಜಾ ಮಾಡಿದರು. ಮೇಯರ್ ಬೆಂಬಲಕ್ಕೆ ನಿಂತವರಲ್ಲಿ ಮೆಂಫಿಸ್‌ನಲ್ಲಿ ಮಡಿದ ಕಿಂಗ್ ಅವರ ತಂದೆ, ಹಿರಿಯ ಪಾದ್ರಿ ಕಿಂಗ್ ಕೂಡ ಇದ್ದರು. ಪುರಭವನದ ಒಳಗಿನಿಂದ ನೋಡಿದರೆ ಊರು ಬೇರೆಯಾಗಿ ಕಾಣುತ್ತದೆ ಎಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ಸಿಗಲಾರದು.

ಇಲ್ಲಿ ಒಂದು ಮಾತು ಹೇಳಬೇಕು. ಬೆಂಗಳೂರು, ಮೈಸೂರುಗಳಲ್ಲಿ ನಾವು ಕಂಡ ಮೇಯರ್‌ಗಳು ಹೆಚ್ಚಾಗಿ ಒಂದು ವರ್ಷದ ಮಟ್ಟಿಗೆ ಗೌನು ತೊಟ್ಟು ಸಭೆ ನಡೆಸಿದವರು; ಕಡತ, ಹಣ, ಆಜ್ಞೆಗಳೆಲ್ಲ ಕಮಿಷನರ್ ಕೈಯಲ್ಲಿ. ಅಟ್ಲಾಂಟಾದ ಮೇಯರ್ ಹಾಗಲ್ಲ. ನಾಲ್ಕು ವರ್ಷಕ್ಕೆ ಜನರಿಂದ ನೇರವಾಗಿ ಆರಿಸಿ ಬರುವ ಅವರ ಕೈಕೆಳಗೆ ಪೊಲೀಸ್, ಕಸ, ನೀರು, ವಿಮಾನ ನಿಲ್ದಾಣ ಎಲ್ಲವೂ ಬರುತ್ತವೆ. ಕಸ ಎತ್ತದಿದ್ದರೆ ಜನ ಬಯ್ಯುವುದೂ ಅವರನ್ನೇ. ಸಂಸತ್ತಿನಲ್ಲಿ ಧರ್ಮಸೂಕ್ಷ್ಮದ ಭಾಷಣ ಮಾಡಿ ಮೆಚ್ಚುಗೆ ಪಡೆಯಬಹುದು. ಇಲ್ಲಿ ಬಜೆಟ್ ಹೊಂದಿಸಬೇಕು.

ಸತತ ಎರಡು ಅವಧಿ ಮುಗಿಸಿದ್ದ ಜಾಕ್ಸನ್ ಮತ್ತೆ ನಿಲ್ಲುವಂತಿರಲಿಲ್ಲ. ನಗರ ಆಗ ತತ್ತರಿಸಿತ್ತು. 1979ರಿಂದ 1981ರವರೆಗೆ ಕಪ್ಪು ಮಕ್ಕಳು, ಹುಡುಗರು ಒಬ್ಬೊಬ್ಬರಾಗಿ ಕಣ್ಮರೆಯಾಗಿ ಶವವಾಗಿ ಸಿಕ್ಕಿದ್ದರು. ಯಂಗ್ ಅವರನ್ನು ಸ್ಪರ್ಧೆಗೆ ಒತ್ತಾಯಿಸಿದವರಲ್ಲಿ ಕಿಂಗ್ ಅವರ ಪತ್ನಿ ಕೊರೆಟಾ ಸ್ಕಾಟ್ ಕಿಂಗ್ ಒಬ್ಬರು. ಎದುರಾಳಿ ಸಿಡ್ನಿ ಮಾರ್ಕಸ್, ಬಿಳಿಯ ಶಾಸಕ. ಉದ್ಯಮಿಗಳಿಗೆ ಮೆಚ್ಚಿನವರು, ವರ್ಣದ್ವೇಷಿ ಎಂಬ ಹೆಸರು ಪಡೆದವರೂ ಅಲ್ಲ. ಹಿಂದೆ ನಗರದ ಸಾರ್ವಜನಿಕ ಸುರಕ್ಷತೆಯ ಹೊಣೆ ಹೊತ್ತಿದ್ದ ರೆಜಿನಾಲ್ಡ್ ಈವ್ಸ್ ಕಪ್ಪು ಮತಗಳಲ್ಲಿ ಒಂದು ಪಾಲು ಒಯ್ದಿದ್ದರಿಂದ ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬರಲಿಲ್ಲ.

ಚರ್ಚುಗಳು ಕೆಲಸಕ್ಕಿಳಿದವು, ಆದರೆ ನಾಜೂಕಾಗಿ. ತೆರಿಗೆ ವಿನಾಯಿತಿ ಪಡೆಯುವ ಧರ್ಮಸಂಸ್ಥೆಗಳು ಅಭ್ಯರ್ಥಿಯ ಪರ ಪ್ರಚಾರ ಮಾಡಬಾರದೆಂಬ ನಿಯಮವನ್ನು 1954ರಲ್ಲಿ ಲಿಂಡನ್ ಜಾನ್ಸನ್ ಅವರ ಸೂಚನೆಯಂತೆ ಕಾನೂನಿಗೆ ಸೇರಿಸಲಾಗಿತ್ತು. ಪಾದ್ರಿ ಸ್ವಂತ ಹೆಸರಿನಲ್ಲಿ ಸ್ಪರ್ಧಿಸಬಹುದು, ಚರ್ಚಿನ ಹೆಸರಿನಲ್ಲಿ ಮತ ಕೇಳುವಂತಿಲ್ಲ. ಇದಕ್ಕೆ ಅಮೆರಿಕದ ಕಪ್ಪು ಚರ್ಚುಗಳಲ್ಲಿ ಹಳೆಯದೊಂದು ಉಪಾಯವಿದೆ. ಚುನಾವಣೆಯ ಮುಂಚಿನ ಭಾನುವಾರ ಅಭ್ಯರ್ಥಿ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಪಾದ್ರಿ ಅತಿಥಿಯೆಂದು ಪರಿಚಯಿಸುತ್ತಾರೆ. ಅಷ್ಟು ಸಾಕು. ಅಭ್ಯರ್ಥಿಯೇ ಪಾದ್ರಿಯಾಗಿದ್ದರೆ ಕೇಳಬೇಕೆ? ಅವರಿಗೆ ಪ್ರಾರ್ಥನೆ ಹೇಳಲೂ ಬರುತ್ತದೆ.

ಆದರೆ ಪ್ರಚಾರ ಅಷ್ಟು ನಾಜೂಕಾಗಿ ಮುಗಿಯಲಿಲ್ಲ. ಮಾರ್ಕಸ್ ಪರ ನಿಂತ ಕೆಲವು ಕಪ್ಪು ನಾಯಕರನ್ನು ಜಾಕ್ಸನ್ ಸಾರ್ವಜನಿಕವಾಗಿ ಬಿಳಿಯರ ಮುಂದೆ ಹಲ್ಲುಕಿರಿಯುವವರೆಂಬಂತೆ ಹಳಿದರು. ದೊಡ್ಡ ಗಲಾಟೆಯಾಯಿತು. ಅಕ್ಟೋಬರ್ 27ರ ಎರಡನೆಯ ಸುತ್ತಿನಲ್ಲಿ ಯಂಗ್ ಸುಮಾರು ಶೇ 55 ಮತ ಪಡೆದು ಗೆದ್ದರು. ನಗರದ ಜನಸಂಖ್ಯೆಯಲ್ಲಿ ಮೂರನೆಯ ಎರಡು ಪಾಲು ಆಗ ಕಪ್ಪು ಜನ. ಮತ ಬಹುಮಟ್ಟಿಗೆ ಬಣ್ಣದ ಮೇಲೆಯೇ ಒಡೆದಿತ್ತು. ಸಮನ್ವಯದ ಪಾದ್ರಿಗೆ ಸಮನ್ವಯದ ಗೆಲುವು ಸಿಗಲಿಲ್ಲ.

ಗೆದ್ದ ಮೇಲೆ ಯಂಗ್ ಮೊದಲು ಮುಖ ಮಾಡಿದ್ದು ತಮಗೆ ಮತ ಹಾಕದವರ ಕಡೆಗೆ. ನಿಮ್ಮಿಂದ ಗೆದ್ದವನು ನಾನಲ್ಲ, ಆದರೆ ನಿಮ್ಮನ್ನು ಬಿಟ್ಟು ಆಡಳಿತ ನಡೆಸಲಾರೆ ಎಂಬರ್ಥದ ಮಾತನ್ನು ಉದ್ಯಮಿಗಳ ಸಭೆಯಲ್ಲಿ ಆಡಿದರು. ಆಸ್ತಿ ತೆರಿಗೆಯ ಹೊರೆ ಇಳಿಸಲು ಮಾರಾಟ ತೆರಿಗೆ ಏರಿಸುವ ಯೋಜನೆಗೆ ಬೆಂಬಲ ಕೊಟ್ಟರು. ಕಟ್ಟಡದ ಒಡೆಯನಿಗೆ ಉಳಿತಾಯ, ಬ್ರೆಡ್ಡು ಕೊಳ್ಳುವವನಿಗೆ ಹೊರೆ ಎಂದು ಟೀಕಾಕಾರರು ಕೂಗಿದರು. ಯಂಗ್ ದೇಶ ದೇಶ ತಿರುಗಿದರು; ವಿಶ್ವಸಂಸ್ಥೆಯಲ್ಲಿ ಗಳಿಸಿದ ಪರಿಚಯಗಳನ್ನೆಲ್ಲ ಬಂಡವಾಳ ತರಲು ಬಳಸಿದರು. ಅವರ ಕಾಲದಲ್ಲಿ 70 ಶತಕೋಟಿ ಡಾಲರ್ ಖಾಸಗಿ ಬಂಡವಾಳ ಬಂತೆಂಬುದು ಬೆಂಬಲಿಗರು ಹೇಳುವ ಲೆಕ್ಕ. 1985ರಲ್ಲಿ ಸುಲಭವಾಗಿ ಮರು ಆಯ್ಕೆಯಾದರು. 1988ರಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನ ಅಟ್ಲಾಂಟಾದಲ್ಲಿ ನಡೆಯಿತು. ಒಲಿಂಪಿಕ್ಸ್ ತರಬೇಕೆಂದು ವಕೀಲ ಬಿಲ್ಲಿ ಪೇನ್ ಹೊರಟಾಗ ಹಲವರು ನಕ್ಕಿದ್ದರು. ಯಂಗ್ ನಗಲಿಲ್ಲ. ಆಫ್ರಿಕದ ಪ್ರತಿನಿಧಿಗಳ ಜೊತೆ ಅವರಿಗಿದ್ದ ಸ್ನೇಹ ಉಪಯೋಗಕ್ಕೆ ಬಂದು, 1990ರಲ್ಲಿ ಟೋಕಿಯೋದಲ್ಲಿ ಅಥೆನ್ಸ್‌ನಂಥ ಅಥೆನ್ಸನ್ನೇ ಹಿಂದಿಕ್ಕಿ ಅಟ್ಲಾಂಟಾ 1996ರ ಕ್ರೀಡಾಕೂಟ ಗೆದ್ದುಕೊಂಡಿತು.

ಇದರ ಇನ್ನೊಂದು ಮಗ್ಗುಲು ಅಷ್ಟು ಹೊಳಪಿನದಲ್ಲ. ಹೊಸ ಗೋಪುರಗಳ ಕೆಳಗೆ ಮನೆಯಿಲ್ಲದವರು ಮಲಗುತ್ತಿದ್ದರು. ನಗರದ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಬಡತನದ ಗೆರೆಯ ಕೆಳಗೇ ಉಳಿದರು. 1980ರಲ್ಲಿ ಸುಮಾರು 4.25 ಲಕ್ಷವಿದ್ದ ನಗರದ ಜನಸಂಖ್ಯೆ 1990ರ ಹೊತ್ತಿಗೆ 3.94 ಲಕ್ಷಕ್ಕೆ ಇಳಿಯಿತು. 1983ರಲ್ಲಿ ಅಟ್ಲಾಂಟಾದ ಕಪ್ಪು ಪಾದ್ರಿಗಳು ನಿರ್ವಸಿತರ ಕಷ್ಟ ನೋಡಲಾರದೆ ತಮ್ಮದೊಂದು ಒಕ್ಕೂಟ ಕಟ್ಟಿಕೊಂಡರು. ಪಾದ್ರಿಯೇ ಮೇಯರ್ ಆಗಿದ್ದ ನಗರದಲ್ಲಿ ಪಾದ್ರಿಗಳಿಗೆ ಸಂಘ ಕಟ್ಟುವ ಅಗತ್ಯ ಬಿತ್ತು. ಕೆಲವು ವರ್ಷಗಳಲ್ಲೇ ನಗರ ಕೇಂದ್ರವನ್ನು ಅಲೆಮಾರಿಗಳಿಲ್ಲದ ವಲಯ ಮಾಡುವ ಪ್ರಸ್ತಾಪ ಉದ್ಯಮಿಗಳ ಕಡೆಯಿಂದ ಬಂದಾಗ ಯಂಗ್ ಅದಕ್ಕೆ ಒಲವು ತೋರಿ ಟೀಕೆಗೆ ಗುರಿಯಾದರು.

ಯಂಗ್ ಬದಲಾದರು, ಚಳವಳಿಗೆ ಬೆನ್ನು ತೋರಿಸಿದರು ಎಂಬ ಮಾತು ಆಗ ಕೇಳಿಬಂತು. ಅದು ಪೂರ್ತಿ ಸರಿಯಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ವರ್ತಕರ ಎದುರು ಕೂತು ರಾಜಿ ಮಾಡಿಸಿದ ಯಂಗ್ ಮತ್ತು ಅಟ್ಲಾಂಟಾದಲ್ಲಿ ಬ್ಯಾಂಕಿನವರ ಎದುರು ಕೂತ ಯಂಗ್ ಒಬ್ಬರೇ. ಬದಲಾದದ್ದು ಹೊರಗಿನ ಬೀದಿ. 1963ರಲ್ಲಿ ಆ ಮೇಜಿನ ಹೊರಗೆ ಸಾವಿರಾರು ಜನ ನಿಂತಿದ್ದರು. ಅವರ ಭಯದಿಂದಲೇ ಒಳಗಿನ ಮಾತಿಗೆ ಬೆಲೆ ಬಂದಿತ್ತು. 1980ರ ದಶಕದಲ್ಲಿ ಹೊರಗೆ ಯಾರೂ ಇರಲಿಲ್ಲ. ನಮ್ಮವನೇ ಒಳಗಿದ್ದಾನೆ ಎಂದು ಮನೆಗೆ ಹೋಗಿದ್ದರು.

ಹೊರಗೆ ನಿಂತವರು ಒಮ್ಮೆ ಮಾತ್ರ ಕಾಣಿಸಿಕೊಂಡರು, ಅದೂ ಒಂದು ರಸ್ತೆಯ ವಿಷಯದಲ್ಲಿ. ನಗರದ ಪೂರ್ವಕ್ಕೆ ಹೆದ್ದಾರಿ ಮಾಡಲೆಂದು ಹಿಂದೆ ನೂರಾರು ಮನೆಗಳನ್ನು ಕೆಡವಿ ಜಾಗ ತೆರವು ಮಾಡಲಾಗಿತ್ತು. ಆಗ ಜಾರ್ಜಿಯಾದ ರಾಜ್ಯಪಾಲರಾಗಿದ್ದ ಕಾರ್ಟರ್ 1972ರಲ್ಲಿ ಆ ಯೋಜನೆಗೆ ತಡೆ ಹಾಕಿದ್ದರು. ಹತ್ತು ವರ್ಷ ಕಳೆದ ಮೇಲೆ ಅದೇ ಕಾರ್ಟರ್ ಅವರ ಅಧ್ಯಕ್ಷೀಯ ಗ್ರಂಥಾಲಯವನ್ನು ಆ ಜಾಗದಲ್ಲಿ ಕಟ್ಟುವುದಾಯಿತು, ಅದಕ್ಕೆ ದೊಡ್ಡ ರಸ್ತೆ ಬೇಕಾಯಿತು! ಯಂಗ್ ರಸ್ತೆಯ ಪರ ನಿಂತರು. ಸುತ್ತಲಿನ ಬಡಾವಣೆಗಳ ಜನ ಮರಗಳಿಗೆ, ಯಂತ್ರಗಳಿಗೆ ಅಡ್ಡ ನಿಂತು ಬಂಧನಕ್ಕೊಳಗಾದರು. ಕಿಂಗ್ ಜೊತೆ ಜೈಲು ಕಂಡಿದ್ದವರ ಆಡಳಿತದಲ್ಲಿ ಅಹಿಂಸಾ ಸತ್ಯಾಗ್ರಹಿಗಳನ್ನು ಪೊಲೀಸ್ ವಾಹನಕ್ಕೆ ಹತ್ತಿಸಲಾಯಿತು.

ನಗರ ಕೌನ್ಸಿಲ್‌ನಲ್ಲಿ ಈ ರಸ್ತೆಯನ್ನು ವಿರೋಧಿಸಿದವರಲ್ಲಿ ಜಾನ್ ಲೂಯಿಸ್ ಇದ್ದರು. ಅವರೂ ಬ್ಯಾಪ್ಟಿಸ್ಟ್ ಪಾದ್ರಿಯಾಗಿ ದೀಕ್ಷೆ ಪಡೆದವರೇ. ಅಲಬಾಮದ ಹಳ್ಳಿಯಲ್ಲಿ ಹುಡುಗನಾಗಿದ್ದಾಗ ಮನೆಯ ಕೋಳಿಗಳನ್ನು ಎದುರಿಗೆ ಕೂರಿಸಿಕೊಂಡು ಪ್ರವಚನ ಮಾಡುತ್ತಿದ್ದರೆಂದು ತಾವೇ ಹೇಳಿಕೊಂಡಿದ್ದಾರೆ. 1965ರಲ್ಲಿ ಸೆಲ್ಮಾದ ಸೇತುವೆಯ ಮೇಲೆ ಪೊಲೀಸರ ಲಾಠಿಗೆ ತಲೆಬುರುಡೆ ಒಡೆಸಿಕೊಂಡವರು. ಯಂಗ್ ಗೆದ್ದ 1981ರಲ್ಲೇ ಅವರೂ ಕೌನ್ಸಿಲರ್ ಆಗಿ ಗೆದ್ದಿದ್ದರು. ಒಂದೇ ಚಳವಳಿಯಿಂದ ಬಂದ ಇಬ್ಬರು ಪಾದ್ರಿಗಳು ಒಂದೇ ರಸ್ತೆಯ ಎರಡು ಬದಿಯಲ್ಲಿ ನಿಂತರು. ಲೂಯಿಸ್ 1986ರಲ್ಲಿ ಸಂಸತ್ತಿಗೆ ಆರಿಸಿಹೋಗಿ 2020ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿದ್ದರು. ಯಂಗ್ 1990ರಲ್ಲಿ ರಾಜ್ಯಪಾಲ ಹುದ್ದೆಗೆ, ಅಮೆರಿಕದಲ್ಲಿ ಅದು ನಮ್ಮ ಮುಖ್ಯಮಂತ್ರಿಯಂಥ ಹುದ್ದೆ, ತಮ್ಮ ಪಕ್ಷದ ಉಮೇದುವಾರಿಕೆ ಬಯಸಿ ಜೆಲ್ ಮಿಲ್ಲರ್ ಎದುರು ಸೋತರು. ನಗರ ಒಪ್ಪಿದ ಪಾದ್ರಿಯನ್ನು ರಾಜ್ಯ ಆಗ ಒಪ್ಪಲಿಲ್ಲ. ಜಾರ್ಜಿಯಾ ಇಡೀ ರಾಜ್ಯದ ಮತದಿಂದ ಒಬ್ಬ ಕಪ್ಪು ಪಾದ್ರಿಯನ್ನು ಗೆಲ್ಲಿಸಿದ್ದು 2021ರ ಜನವರಿಯಲ್ಲಿ. ಸೆನೆಟ್‌ಗೆ ಹೋದ ಆ ರಾಫೆಲ್ ವಾರ್ನಾಕ್, ಹಿಂದೆ ಎ.ಡಿ. ವಿಲಿಯಮ್ಸ್ ಮತ್ತು ಕಿಂಗ್ ತಂದೆಮಕ್ಕಳು ನಿಂತಿದ್ದ ಎಬೆನೇಜರ್ ಚರ್ಚಿನ ಪಾದ್ರಿ.

ರಸ್ತೆಯ ಜಗಳ 1991ರಲ್ಲಿ ರಾಜಿಯಾಯಿತು. ಮೊದಲು ಯೋಚಿಸಿದ್ದಕ್ಕಿಂತ ಚಿಕ್ಕ ರಸ್ತೆ, ಅದರ ಸುತ್ತ ಉದ್ಯಾನ. 2018ರಲ್ಲಿ ನಗರ ಅದಕ್ಕೆ ಹೊಸ ಹೆಸರಿಟ್ಟಿತು: ಜಾನ್ ಲೂಯಿಸ್ ಫ್ರೀಡಂ ಪಾರ್ಕ್‌ವೇ. ಬೇಡ ಎಂದವರ ಹೆಸರೇ ಆ ರಸ್ತೆಗೆ ಬಂತು. ಯಂಗ್ ಅವರ ಹೆಸರಿನ ರಸ್ತೆಯೂ ಅಟ್ಲಾಂಟಾದಲ್ಲಿದೆ. ಅದು ನಗರದ ನಟ್ಟನಡುವೆ, ದೊಡ್ಡ ಹೋಟೆಲುಗಳ ಮುಂದೆ ಹಾದುಹೋಗುತ್ತದೆ.